ನೀವೇ ಬಂದು ಹೂ ಬಿಡಿಸಿಕೊಳ್ಳಿ: ಚಿಕ್ಕಬಳ್ಳಾಪುರದ ಹೂ ತೋಟಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಸುತ್ತಮುತ್ತ ಹೂ ಬೆಳೆಯುವವರ ತೋಟಗಳಿಗೆ ಈಗೀಗ ಬೆಂಗಳೂರಿನಿಂದ ಜನ ಬುಟ್ಟಿ ಹಿಡಿದುಕೊಂಡು ಬರುತ್ತಿದ್ದಾರೆ. ತಮ್ಮ ಕೈಯಾರೆ ಬಿಡಿಸಿದ ಹೂವನ್ನೇ ದೇವರಿಗೆ ಇಡಬೇಕು ಅನ್ನುವವರು ಕೆಲವರು. ಮಕ್ಕಳಿಗೆ ಗಿಡ ತೋರಿಸಬೇಕು ಅನ್ನುವವರು ಇನ್ನು ಕೆಲವರು. ನಮ್ಮದೂ ಹೂವಿನ ತೋಟವೇ. ಫೋನಿನಲ್ಲಿ, ಕಾಗದದಲ್ಲಿ, ಗೇಟಿನ ಹತ್ತಿರ ನಿಂತು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಕೋಲಾರ, ತುಮಕೂರು ಕಡೆಯ ತೋಟಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

## ಹೊರಡುವ ಮುಂಚೆ

ಯಾರ ತೋಟಕ್ಕಾದ್ರೂ ಹೋಗಿ ನಾವೇ ಹೂ ಬಿಡಿಸ್ಕೋಬಹುದಾ? ಬಿಡ್ತಾರಾ?

ಕೇಳಿದರೆ ಬಿಡುವವರು ಇದ್ದಾರೆ. ಕೇಳದೆ ಒಳಗೆ ಕಾಲಿಡಬೇಡಿ. ನಮ್ಮ ಕಡೆಯ ತೋಟಗಳು ಮಂಡಿಗೆ ಹೂ ಕಳಿಸುವುದಕ್ಕೆ ಇರುವಂಥವು. ಸಾಲು ಸಾಲಿಗೂ ಲೆಕ್ಕ ಇರುತ್ತದೆ: ಇವತ್ತು ಈ ಕಡೆ ಕಟಾವು, ನಾಳೆ ಆ ಕಡೆ ಔಷಧಿ, ನಾಡಿದ್ದು ನೀರು. ಹಿಂದಿನ ದಿನವೇ ಫೋನ್ ಮಾಡಿ ಮೂರು ವಿಷಯ ಹೇಳಿಬಿಡಿ. ಎಷ್ಟು ಜನ ಬರುತ್ತೀರಿ, ಯಾವ ಹೂ ಬೇಕು, ಸುಮಾರು ಎಷ್ಟು ಬೇಕು. ಅಷ್ಟು ಗೊತ್ತಾದರೆ ರೈತ ನಿಮಗೆ ಅಂತಲೇ ಎರಡು ಸಾಲು ಬಿಡಿಸದೆ ಉಳಿಸಿರುತ್ತಾನೆ.

ಪರಿಚಯದವರು ಯಾರೂ ಇಲ್ಲದಿದ್ದರೆ ಬೆಳಗ್ಗೆ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಹೋಗಿ. ಹೂ ತಂದಿರುವ ರೈತರನ್ನೇ ನೇರವಾಗಿ ಕೇಳಬಹುದು. ಅಲ್ಲಿ ಆಡಿದ ಎರಡು ಮಾತಿಗೆ ತೋಟದ ದಾರಿ ಸಿಗುತ್ತದೆ.

ಬರೀ ಫೋಟೋ ತೆಗೆಸ್ಕೊಳ್ಳೋಕೆ ಬರಬಹುದಾ?

ಅದಕ್ಕೂ ಕೇಳಿಯೇ ಬನ್ನಿ. ಗುಂಡ್ಲುಪೇಟೆ ರಸ್ತೆಯ ಸೂರ್ಯಕಾಂತಿ ಹೊಲಗಳಲ್ಲಿ ಫೋಟೋಗೆ ರೈತರು ದುಡ್ಡು ತೆಗೆದುಕೊಳ್ಳುತ್ತಾರೆ, ಅದು ಸರಿಯಾದದ್ದೇ. ಸೇವಂತಿಗೆ ಸಾಲಿನ ಮಧ್ಯೆ ಒಬ್ಬರು ಕೂತು ಎದ್ದರೆ ಅಕ್ಕಪಕ್ಕದ ನಾಲ್ಕೈದು ರೆಂಬೆ ಮುರಿದಿರುತ್ತವೆ. ಮುರಿದ ರೆಂಬೆಯಲ್ಲಿ ಇವತ್ತಿನ ಹೂವಿನ ಜೊತೆಗೆ ಮುಂದಿನ ಹದಿನೈದು ದಿನದ ಮೊಗ್ಗೂ ಇತ್ತು.

ಯಾವ ತಿಂಗಳಲ್ಲಿ ಬಂದ್ರೆ ಯಾವ ಹೂ ಸಿಗುತ್ತೆ?

ಚೆಂಡು ಹೂ ವರ್ಷವಿಡೀ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಸಸಿ ನೆಟ್ಟು ಐವತ್ತು ಅರವತ್ತು ದಿನಕ್ಕೆ ಹೂ ಬರುತ್ತದೆ, ಹಾಗಾಗಿ ಹಬ್ಬ ನೋಡಿಕೊಂಡು ಹಿಂದಕ್ಕೆ ಲೆಕ್ಕ ಹಾಕಿ ನೆಡುತ್ತಾರೆ. ಗುಲಾಬಿಯೂ ವರ್ಷವಿಡೀ ಸಿಗುತ್ತದೆ. ಬಿಡಿ ಹೂವಿಗೆ ಇಲ್ಲಿ ಮಿರಾಬೆಲ್ ಅನ್ನುವ ಕೆಂಪು ಗುಲಾಬಿ ಜಾಸ್ತಿ. ಸೇವಂತಿಗೆಯ ಸಹಜ ಕಾಲ ಅಕ್ಟೋಬರಿನಿಂದ ಜನವರಿ. ದುಂಡು ಮಲ್ಲಿಗೆಗೆ ಮಾರ್ಚಿನಿಂದ ಜೂನ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಮಲ್ಲಿಗೆ ಕೇಳಿಕೊಂಡು ಬಂದರೆ ಕಾಕಡ ಅನ್ನುವ ಇನ್ನೊಂದು ಜಾತಿಯ ಮಲ್ಲಿಗೆ ಸಿಗಬಹುದು, ದುಂಡು ಮಲ್ಲಿಗೆ ಕಷ್ಟ.

ಮೊದಲ ಸಲ ಬರುವವರಿಗೆ ನವೆಂಬರ್, ಡಿಸೆಂಬರ್ ಹೇಳುತ್ತೇನೆ. ಮಳೆ ಕಡಿಮೆಯಾಗುತ್ತಾ ಬಂದಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಸೇವಂತಿಗೆ, ಆಸ್ಟರ್, ಚೆಂಡು ಹೂ ಒಟ್ಟಿಗೆ ಸಿಗುತ್ತವೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಮಳೆ ಜಾಸ್ತಿ. ಮಳೆ ಬಂದ ಮಾರನೇ ದಿನ ಚೆಂಡು ಹೂ ಬಿಡಿಸಲು ಬರಬೇಡಿ. ಎಸಳಿನ ಮಧ್ಯೆ ನೀರು ನಿಂತಿರುತ್ತದೆ. ನೋಡಲಿಕ್ಕೆ ಚೆನ್ನಾಗೇ ಇರುತ್ತದೆ, ಸಂಜೆಯೊಳಗೆ ಕಪ್ಪಾಗಿ ಕೊಳೆಯುತ್ತದೆ.

ಎಷ್ಟು ಹೊತ್ತಿಗೆ ಬರಬೇಕು? ಹತ್ತು ಗಂಟೆಗೆ ಬಂದ್ರೆ ಆಗಲ್ವಾ?

ಆರೂವರೆ, ಏಳಕ್ಕೆ ಬನ್ನಿ. ರಾತ್ರಿಯೆಲ್ಲ ಗಿಡ ನೀರು ಎಳೆದುಕೊಂಡಿರುತ್ತದೆ, ಬೆಳಗ್ಗೆ ಎಸಳು ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಹತ್ತರ ಹೊತ್ತಿಗೆ ಬಿಸಿಲು ಏರಿ ಗಿಡವೇ ಬಳಲಿರುತ್ತದೆ. ಆಗ ಕಿತ್ತ ಹೂ ಮನೆ ಮುಟ್ಟುವಷ್ಟರಲ್ಲಿ ಬಾಡುತ್ತದೆ. ಇಬ್ಬನಿ ಜಾಸ್ತಿ ಬೀಳುವ ಚಳಿಗಾಲದಲ್ಲಿ ಮಾತ್ರ ಸ್ವಲ್ಪ ಕಾದು, ಇಬ್ಬನಿ ಆರಿದ ಮೇಲೆ ಬಿಡಿಸಿದರೆ ಒಳ್ಳೆಯದು. ಒದ್ದೆ ಹೂವನ್ನು ಬುಟ್ಟಿಗೆ ತುಂಬಿದರೆ ಬೂಷ್ಟು ಹಿಡಿಯುತ್ತದೆ.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ 60 ಕಿಲೋಮೀಟರ್ ಹತ್ತಿರ. ಶನಿವಾರ, ಭಾನುವಾರ ನಂದಿ ಬೆಟ್ಟದ ಕಡೆಗೆ ಹೋಗುವ ವಾಹನಗಳೇ ರಸ್ತೆ ತುಂಬ. ವಾರದ ಮಧ್ಯೆ ರಜೆ ಸಿಕ್ಕಿದರೆ ಅವತ್ತೇ ಬನ್ನಿ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬರ್ತೀವಿ, ಆಗುತ್ತಾ?

ಆಗುವುದಿಲ್ಲ. ಶ್ರಾವಣದ ಆ ಶುಕ್ರವಾರ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಇವು ರೈತನಿಗೆ ವರ್ಷದ ದುಡಿಮೆ ಕೈಗೆ ಬರುವ ದಿನಗಳು. ಮಧ್ಯರಾತ್ರಿಯೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೂ ಬಿಡಿಸುತ್ತಿರುತ್ತಾರೆ. ಬೆಳಕು ಹರಿಯುವ ಮೊದಲು ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆ ಮುಟ್ಟಬೇಕು. ಆ ಗಡಿಬಿಡಿಯಲ್ಲಿ ನಿಮ್ಮನ್ನು ನೋಡಿಕೊಳ್ಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಬ್ಬಕ್ಕೆ ಮೂರ್ನಾಲ್ಕು ದಿನ ಮುಂಚೆ ಬಂದು ಸೇವಂತಿಗೆಯನ್ನೋ ಚೆಂಡು ಹೂವನ್ನೋ ಒಯ್ದು ತಣ್ಣಗೆ ಇಟ್ಟುಕೊಳ್ಳಿ. ಇವೆರಡೂ ತಡೆಯುತ್ತವೆ.

ರೇಟು ಹೇಗೆ? ನಾವೇ ಬಿಡಿಸ್ಕೊಳ್ತೀವಿ, ಮಾರ್ಕೆಟ್‌ಗಿಂತ ಕಡಿಮೆ ತಾನೇ?

ಇದನ್ನು ಕೇಳದವರೇ ಇಲ್ಲ. ಕೂಲಿ ಉಳಿಯಿತಲ್ಲ ಅನ್ನುವುದು ನಿಮ್ಮ ಲೆಕ್ಕ. ಕೈ ಪಳಗಿದ ಹೆಂಗಸು ಒಂದು ಸಾಲು ಮುಗಿಸುವ ಹೊತ್ತಿಗೆ ಹೊಸಬರು ನಾಲ್ಕು ಗಿಡ ದಾಟಿರುವುದಿಲ್ಲ. ಜೊತೆಗೆ ಒಬ್ಬರು ನಿಂತು ತೋರಿಸಬೇಕು. ಒಂದಷ್ಟು ಮೊಗ್ಗು ಉದುರುತ್ತದೆ, ಒಂದೆರಡು ರೆಂಬೆ ಹೋಗುತ್ತದೆ. ಮಂಡಿಯ ಅವತ್ತಿನ ದರಕ್ಕಿಂತ ಜಾಸ್ತಿ, ನಿಮ್ಮ ಬೀದಿಯ ಹೂವಿನಂಗಡಿಗಿಂತ ಕಡಿಮೆ, ಇದು ಇಬ್ಬರಿಗೂ ನ್ಯಾಯವಾದ ದರ. ಕೆಲವರು ಒಳಗೆ ಬರುವುದಕ್ಕೆ ಇಷ್ಟು ಅಂತ ತೆಗೆದುಕೊಂಡು ಅದರಲ್ಲೇ ಒಂದು ಬುಟ್ಟಿ ಹೂ ಕೊಡುತ್ತಾರೆ. ಯಾವುದಾದರೂ ಸರಿ, ಸಾಲಿಗೆ ಇಳಿಯುವ ಮೊದಲೇ ಮಾತಾಡಿಕೊಳ್ಳಿ.

ತೂಕ ಆದ ಮೇಲೆ ಚೌಕಾಸಿ ಬೇಡ, ದಯವಿಟ್ಟು. ಈ ಜಿಲ್ಲೆಯಲ್ಲಿ ಸದಾ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಮೇಲೆತ್ತಿದ ನೀರನ್ನು ಹನಿ ಹನಿಯಾಗಿ ಕೊಟ್ಟು ಬೆಳೆಸಿದ ಹೂ ಅದು.

ಏನೇನು ತರಬೇಕು?

ಅಗಲ ಬಾಯಿಯ ಬುಟ್ಟಿ, ಒಂದು ಹತ್ತಿ ಪಂಚೆ ಅಥವಾ ಹಳೆ ಸೀರೆ ತುಂಡು, ಕುಡಿಯುವ ನೀರು, ಟೋಪಿ. ಗುಲಾಬಿಗೆ ಬರುವವರು ಉದ್ದ ತೋಳಿನ ಬಟ್ಟೆ ಹಾಕಿಕೊಳ್ಳಿ. ಕಾಲಿಗೆ ಮುಚ್ಚಿದ ಬೂಟು ಬೇಕು. ಸಾಲಿನ ಮಣ್ಣಿಗೆ ಹೊದಿಸಿದ ಮಲ್ಚಿಂಗ್ ಶೀಟಿನ ಅಂಚಿನಲ್ಲಿ ತಂಪಿಗೆ ಹಾವು ಇರುವುದುಂಟು. ಪ್ಲಾಸ್ಟಿಕ್ ಕವರ್ ಮಾತ್ರ ತರಬೇಡಿ, ಹೂ ಅದರಲ್ಲಿ ಬೆಂದುಹೋಗುತ್ತದೆ.

ಮಕ್ಕಳನ್ನ ಕರ್ಕೊಂಡು ಬರಬಹುದಾ?

ಖಂಡಿತ ಬನ್ನಿ. ಚೆಂಡು ಹೂ ಬಿಡಿಸಲು ಮಕ್ಕಳ ಕೈಯೇ ಚೆಂದ, ಗಿಡವೂ ಅವರ ಎತ್ತರಕ್ಕೇ ಇರುತ್ತದೆ. ಆದರೆ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಸಾಲದು: ಕೃಷಿ ಹೊಂಡದ ಹತ್ತಿರ ಮಕ್ಕಳನ್ನು ಬಿಡಬೇಡಿ. ನಮ್ಮ ಕಡೆ ಹೂ ತೋಟ ಇದ್ದಲ್ಲಿ ಹೊಂಡವೂ ಇರುವುದು ಜಾಸ್ತಿ. ನಾಲ್ಕೂ ಕಡೆ ಇಳಿಜಾರು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಒಳಗೆ ಜಾರಿದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ, ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಂದವರೂ ಸತ್ತಿದ್ದಾರೆ. ಬಂದ ತಕ್ಷಣ ಹೊಂಡ ಎಲ್ಲಿದೆ, ಬೇಲಿ ಇದೆಯಾ ಅಂತ ಕೇಳಿ. ಬೇಲಿ ಇಲ್ಲ ಅಂದರೆ ಮಗುವಿನ ಕೈ ಬಿಡಬೇಡಿ. ಮೋಟಾರ್ ಸ್ಟಾರ್ಟರ್ ಪೆಟ್ಟಿಗೆ, ಸೇವಂತಿಗೆ ಸಾಲಿನ ಮೇಲೆ ಬಲ್ಬಿಗೆ ಎಳೆದ ವೈರು, ಇವನ್ನೂ ಮುಟ್ಟದ ಹಾಗೆ ನೋಡಿಕೊಳ್ಳಿ.

## ಸಾಲಿನ ಒಳಗೆ

ಚೆಂಡು ಹೂ ಕೀಳೋಕೂ ಒಂದು ಕ್ರಮ ಇದೆಯಾ? ಸುಮ್ನೆ ಎಳೆದ್ರೆ ಏನಾಗುತ್ತೆ?

ಸುಮ್ನೆ ಎಳೆದರೆ ಹೂವಿನ ಜೊತೆ ರೆಂಬೆಯೇ ಕೈಗೆ ಬರುತ್ತದೆ. ಚೆಂಡು ಹೂವಿನ ಗಿಡ ಕವಲಿನ ಹತ್ತಿರ ಸುಲಭವಾಗಿ ಸಿಗಿಯುತ್ತದೆ. ಹೀಗೆ ಮಾಡಿ. ಹೂವಿನ ಬುಡದ ಹಸಿರು ಬಟ್ಟಲಿನ ಕೆಳಗೆ ತೋರುಬೆರಳು, ನಡುಬೆರಳು ಇಡಿ. ಹೂ ಅಂಗೈಯಲ್ಲಿ ಕೂರಬೇಕು. ಹೆಬ್ಬೆರಳಿನಿಂದ ತೊಟ್ಟನ್ನು ಒಂದು ಕಡೆಗೆ ಬಗ್ಗಿಸಿ. ಚಟ್ ಅಂತ ಮುರಿಯುತ್ತದೆ. ಅರ್ಧ ಇಂಚು ತೊಟ್ಟು ಹೂವಿನ ಜೊತೆ ಬಂದರೆ ಹಾರ ಕಟ್ಟುವವರಿಗೂ ಅನುಕೂಲ.

ಪೂರ್ತಿ ಅರಳಿದ್ದನ್ನೇ ತೆಗೆಯಿರಿ. ಮಧ್ಯದ ಎಸಳು ಇನ್ನೂ ಬಿಗಿಯಾಗಿ ಹಸಿರು ಹಸಿರಾಗಿ ಇದ್ದರೆ ಅದನ್ನು ಬಿಡಿ, ಕಿತ್ತ ಮೇಲೆ ಚೆಂಡು ಹೂ ಅಷ್ಟಾಗಿ ಅರಳುವುದಿಲ್ಲ. ಹಾಗೆಯೇ, ಸಾಲಿನಲ್ಲಿ ಬಲಿತು ಕಂದು ತಿರುಗಿದ ಹೂ ಕಂಡರೆ ಅದನ್ನೂ ಕಿತ್ತು ಕೆಳಗೆ ಹಾಕಿ. ಹೂ ಬಲಿತು ಬೀಜ ಕಟ್ಟಲು ಶುರುವಾದರೆ ಗಿಡದ ಶಕ್ತಿಯೆಲ್ಲ ಅತ್ತ ಹೋಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಬಂದವರು ಇಷ್ಟು ಮಾಡಿ ಹೋದರೆ ರೈತನಿಗೆ ನಿಜವಾಗಿ ಸಹಾಯ.

ಸೇವಂತಿಗೆ, ಆಸ್ಟರ್‌ಗೂ ಇದೇನಾ?

ಸೇವಂತಿಗೆ ಬಿಡಿ ಹೂವಿಗೆ ಉಗುರಿನಲ್ಲಿ ತೊಟ್ಟು ಚಿವುಟುತ್ತಾರೆ. ಗೊಂಚಲಿನಲ್ಲಿ ಅರಳಿದ್ದು, ಅರೆಬಿರಿದದ್ದು, ಮೊಗ್ಗು ಮೂರೂ ಒತ್ತೊತ್ತಾಗಿ ಇರುತ್ತವೆ. ಬೇಕಾದ್ದನ್ನು ಬಲಗೈಯಲ್ಲಿ ತೆಗೆಯುವಾಗ ಎಡಗೈಯಲ್ಲಿ ಉಳಿದದ್ದನ್ನು ಹಿಡಿದುಕೊಳ್ಳಿ. ಆಸ್ಟರ್‌ಗೆ ಕತ್ತರಿ ಬಳಸಿ. ಅದರ ಕಾಂಡ ಗಡುಸು, ಬೇರು ಮೇಲೆ ಮೇಲೆ ಇರುತ್ತದೆ, ಎಳೆದರೆ ಗಿಡವೇ ಕಿತ್ತು ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಷನ್ ತಳಿಗಳು ನಮ್ಮ ರೈತರಿಗೆ ಪರಿಚಯ. ಉದ್ದ ಕಡ್ಡಿ ಸಮೇತ ಕತ್ತರಿಸಿ ನೀರಿನಲ್ಲಿ ಇಟ್ಟರೆ ಆಸ್ಟರ್ ಒಂದು ವಾರದ ಹತ್ತಿರ ನಿಲ್ಲುತ್ತದೆ.

ಗುಲಾಬಿನ ಎಲ್ಲಿ ಕತ್ತರಿಸಬೇಕು? ನಾನು ಕಿತ್ತ ಕಡೆ ಮತ್ತೆ ಹೂವೇ ಬರಲ್ಲ ಅಂತಾರೆ.

ಬಿಡಿ ಹೂವಿಗಾದರೆ ತೊಟ್ಟಿನ ಮಟ್ಟಕ್ಕೆ ಮುರಿಯುತ್ತಾರೆ, ಅದು ಬೇರೆ. ಕಡ್ಡಿ ಸಮೇತ ಬೇಕಾದರೆ ಹೂವಿನಿಂದ ಕೆಳಗೆ ನೋಡುತ್ತಾ ಬನ್ನಿ. ಮೇಲಿನ ಎಲೆಗಳಲ್ಲಿ ಮೂರು ಮೂರು ಕಿರು ಎಲೆ ಇರುತ್ತವೆ. ಇನ್ನೂ ಕೆಳಗೆ ಐದು ಕಿರು ಎಲೆ ಇರುವ ಎಲೆ ಸಿಗುತ್ತದೆ. ಆ ಎಲೆಯ ಕಂಕುಳಲ್ಲಿ ಸಣ್ಣ ಕಣ್ಣು ಇರುತ್ತದೆ, ಅದು ಗಿಡದ ಹೊರಗಡೆ ಮುಖ ಮಾಡಿರಬೇಕು. ಅದರ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಮುಂದಿನ ಹೂವಿನ ಕಡ್ಡಿ ಆ ಕಣ್ಣಿನಿಂದಲೇ ಬರುವುದು. ಮೇಲಕ್ಕೇ ಕತ್ತರಿಸಿದರೆ ಬರುವ ಕಡ್ಡಿ ಬಡಕಲು, ಹೂ ಸಣ್ಣದು. ತೀರಾ ಕೆಳಗೆ ಕತ್ತರಿಸಿದರೆ ಹೊಸ ಕಡ್ಡಿ ಬರುವುದೇ ನಿಧಾನ.

ಹೂದಾನಿಗೆ ಬೇಕಾದ್ದನ್ನು ಹೊರಗಿನ ಒಂದೆರಡು ಎಸಳು ಬಿಡಿಸಿಕೊಳ್ಳುವಾಗಲೇ ತೆಗೆಯಬೇಕು. ತೋಟದಲ್ಲಿ ಪೂರ್ತಿ ಅರಳಿ ನಗುತ್ತಿರುವ ಗುಲಾಬಿ ಕಣ್ಣಿಗೆ ಬೀಳುವುದು ಮೊದಲು, ಆದರೆ ಮನೆಯಲ್ಲಿ ಅದು ಎರಡು ದಿನವೂ ಇರುವುದಿಲ್ಲ.

ಮಲ್ಲಿಗೆ, ಕನಕಾಂಬರ, ಸುಗಂಧರಾಜ ನಾವೇ ಬಿಡಿಸಬಹುದಾ?

ಬಿಡಿಸಬಹುದು, ತಾಳ್ಮೆ ಬೇಕು. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಬಿಡಿಸಬೇಕು. ಸಂಜೆ ಅರಳುವ ಮೊಗ್ಗು ಬೆಳಗ್ಗೆ ಉಬ್ಬಿ ಬೆಳ್ಳಗಾಗಿರುತ್ತದೆ. ಹಸಿರು ಛಾಯೆ ಇರುವ ಮೊಗ್ಗು ನಾಳೆಯದು, ಅದನ್ನು ಬಿಡಿ.

ಸುಗಂಧರಾಜದ ಬಿಡಿ ಹೂವಿಗೂ ಇದೇ ಲೆಕ್ಕ. ಹೆಸರಘಟ್ಟದ್ದೇ ಆದ ಅರ್ಕಾ ಪ್ರಜ್ವಲ್‌ನಂಥ ಒಂಟಿ ಸುತ್ತಿನ ತಳಿ ಇದಕ್ಕೆ ಆಗಿಬರುತ್ತದೆ. ಹೂದಾನಿಗೆ ಕಡ್ಡಿ ಬೇಕಾದರೆ ಕೆಳಗಿನ ಎರಡು ಮೂರು ಜೋಡಿ ಅರಳಿದಾಗ ಬುಡಕ್ಕೆ ಕತ್ತರಿಸಿ, ಉಳಿದದ್ದು ಮನೆಯಲ್ಲಿ ಒಂದೊಂದಾಗಿ ಅರಳುತ್ತದೆ.

ಕನಕಾಂಬರ ಎಲ್ಲಕ್ಕಿಂತ ನಾಜೂಕು. ತೆನೆಯ ಹಸಿರು ಪೊರೆಯೊಳಗಿಂದ ಎಸಳಿನ ಕೊಳವೆಯನ್ನು ಮಾತ್ರ ಮೆಲ್ಲಗೆ ಎಳೆದುಕೊಳ್ಳಬೇಕು, ತೆನೆ ಅಲುಗಬಾರದು. ಒಂದೇ ತೆನೆ ಕೆಳಗಿನಿಂದ ಮೇಲಕ್ಕೆ ದಿನಗಟ್ಟಲೆ ಅರಳುತ್ತಾ ಹೋಗುತ್ತದೆ. ಅವಸರಕ್ಕೆ ತೆನೆ ಮುರಿದರೆ ಅಷ್ಟೂ ಹೋಯಿತು. ಒಂದು ಕೆಜಿ ತೂಗಬೇಕಾದರೆ ಸಾವಿರಾರು ಹೂ ಬೇಕು. ಒಂದು ಮೊಳದಷ್ಟು ನೀವೇ ಬಿಡಿಸಿ ನೋಡಿ. ಅಂಗಡಿಯಲ್ಲಿ ಕನಕಾಂಬರ ಯಾಕೆ ಅಷ್ಟು ದುಬಾರಿ ಅನ್ನುವ ಪ್ರಶ್ನೆ ಆಮೇಲೆ ಯಾರೂ ಕೇಳಿಲ್ಲ.

ಪಾಲಿಹೌಸ್ ಒಳಗೆ ಬಿಡ್ತಾರಾ?

ಪ್ಲಾಸ್ಟಿಕ್ ಹೊದಿಸಿದ ಆ ಮನೆಯೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟರೂ ಚಪ್ಪಲಿಯನ್ನು ಔಷಧಿ ನೀರಿನಲ್ಲಿ ಅದ್ದಿ, ಕೈ ತೊಳೆದು ಹೋಗಬೇಕು. ಹೊರಗಿನ ನುಸಿ, ಥ್ರಿಪ್ಸ್ ಅನ್ನುವ ಸಣ್ಣ ಹುಳ ಬಟ್ಟೆಯ ಮೇಲೆ ಕೂತು ಒಳಗೆ ಬಂದರೆ ಆ ಮುಚ್ಚಿದ ಜಾಗದಲ್ಲಿ ಹಬ್ಬಲು ತಡವಿಲ್ಲ. ಒಳಗೆ ತೂಗುಬಿಟ್ಟ ಹಳದಿ, ನೀಲಿ ಹಾಳೆಗಳು ಹುಳ ಹಿಡಿಯುವ ಅಂಟು ಹಾಳೆಗಳು, ಮುಟ್ಟಬೇಡಿ. ಡಚ್ ಗುಲಾಬಿ ಮೊಗ್ಗಿಗೆ ಹಾಕಿರುವ ಬಲೆ ಟೋಪಿಯನ್ನು ಮಕ್ಕಳು ಎಳೆಯದ ಹಾಗೆ ನೋಡಿಕೊಳ್ಳಿ.

ಜರ್ಬೆರಾವನ್ನು ಕತ್ತರಿಸುವುದಿಲ್ಲ. ಕಡ್ಡಿಯ ಬುಡ ಹಿಡಿದು ಪಕ್ಕಕ್ಕೆ ಬಗ್ಗಿಸಿ ಎಳೆಯಬೇಕು. ಕತ್ತರಿಸಿ ಬಿಟ್ಟ ಮೋಟು ಕೊಳೆತು ಗಿಡಕ್ಕೇ ರೋಗ ತರುತ್ತದೆ.

ಹೂವನ್ನ ಮೂಸಬೇಡಿ ಅಂತ ಬೈದ್ರು. ಯಾಕೆ?

ಮೂಸಿದ ಹೂ ದೇವರಿಗೆ ಆಗುವುದಿಲ್ಲ ಅನ್ನುವುದು ನಮ್ಮಲ್ಲಿ ಗಟ್ಟಿ ನಂಬಿಕೆ. ನೀವು ಮೂಸಿ ಗಿಡದಲ್ಲೇ ಬಿಟ್ಟ ಹೂ ನಾಳೆ ಯಾರದೋ ಮನೆಯ ದೇವರ ತಲೆ ಮೇಲೆ ಕೂರುವಂಥದ್ದು. ಹೂ ಬಿಡಿಸುವ ಹೆಂಗಸರು ದಿನವೂ ಅದರ ನಡುವೆಯೇ ಇದ್ದರೂ ಮೂಗಿಗೆ ಹತ್ತಿರ ತರುವುದಿಲ್ಲ, ಕೆಳಗೆ ಬಿದ್ದದ್ದನ್ನು ಬುಟ್ಟಿಗೆ ಹಾಕುವುದಿಲ್ಲ. ಮಲ್ಲಿಗೆ ಸಾಲಿನಲ್ಲಿ ನಿಂತರೆ ಸಾಕು, ಘಮ ತಾನಾಗೇ ಬರುತ್ತದೆ ಅಲ್ವಾ. ಬೇಕೇ ಬೇಕು ಅಂದರೆ ನಿಮ್ಮ ಬುಟ್ಟಿಗೆ ಬಂದ ಮೇಲೆ ಮೂಸಿ.

ಔಷಧಿ ಹೊಡೆದಿರ್ತಾರಾ? ಈ ಗುಲಾಬಿಯಲ್ಲಿ ಗುಲ್ಕಂದ್ ಮಾಡಬಹುದಾ?

ಹೊಡೆದಿರುತ್ತಾರೆ. ಮುಚ್ಚಿಡುವುದಕ್ಕೆ ಏನೂ ಇಲ್ಲ. ಮಾರುಕಟ್ಟೆಯಲ್ಲಿ ಒಂದು ಚುಕ್ಕೆ ಇರುವ ಹೂವನ್ನೂ ಯಾರೂ ಕೊಳ್ಳುವುದಿಲ್ಲ, ಥ್ರಿಪ್ಸ್, ನುಸಿ, ಬೂದಿ ರೋಗಕ್ಕೆ ಔಷಧಿ ಇಲ್ಲದೆ ಬೆಳೆಯುವವರು ಕಡಿಮೆ. ಹಾಗಾಗಿ ಫೋನಿನಲ್ಲೇ ಕೇಳಿ: ಕೊನೆಯ ಸಲ ಯಾವಾಗ ಹೊಡೆದದ್ದು? ಔಷಧಿ ಡಬ್ಬಿಯ ಮೇಲೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ, ಅಷ್ಟು ದಿನ ಕಳೆದಿರಬೇಕು. ಒಳ್ಳೆಯ ರೈತ ತಾನೇ ಹೇಳಿ ನಿಮ್ಮನ್ನು ಬೇರೆ ದಿನಕ್ಕೆ ಕರೆಯುತ್ತಾನೆ.

ಪೂಜೆಗೆ, ಮುಡಿಯಲು, ಹೂದಾನಿಗೆ ಇಷ್ಟು ಎಚ್ಚರ ಸಾಕು. ತಿನ್ನುವುದಕ್ಕೆ ಬೇಡವೇ ಬೇಡ. ಗುಲ್ಕಂದ್ ಆಗಲಿ, ಗುಲಾಬಿ ಎಸಳಿನ ಶರಬತ್ತಾಗಲಿ, ಮಾರಾಟದ ತೋಟದ ಹೂವಿನಲ್ಲಿ ಮಾಡಬಾರದು. ತೊಳೆದರೆ ಹೋಗುತ್ತದೆ ಅನ್ನುವುದೂ ಸರಿಯಲ್ಲ, ಗಿಡದ ಒಳಗೆ ಸೇರುವ ಔಷಧಿಗಳೂ ಇವೆ. ಗುಲ್ಕಂದ್ ಆಸೆ ಇದ್ದರೆ ಮನೆಯಲ್ಲೇ ಎರಡು ಪನ್ನೀರು ಗುಲಾಬಿ ಗಿಡ ಹಾಕಿಕೊಳ್ಳಿ. ಮಿರಾಬೆಲ್‌ನಲ್ಲಿ ಆ ಪರಿಮಳವೂ ಇಲ್ಲ.

ಹೂ ಬಿಡಿಸಿದ ಮೇಲೆ ಕೈ ಕೆರೆತ ಬಂತು. ಔಷಧಿಯಿಂದಾನಾ?

ಇರಬಹುದು, ಹೂವಿನಿಂದಲೇ ಆಗಿರಲೂಬಹುದು. ಸೇವಂತಿಗೆ, ಚೆಂಡು ಹೂವಿನ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಬಿಸಿಲು ಬಿದ್ದರೆ ಜಾಸ್ತಿಯಾಗುತ್ತದೆ. ಸೋಪು ಹಾಕಿ ತೊಳೆಯಿರಿ, ಕಣ್ಣು ಉಜ್ಜಬೇಡಿ. ಮುಂದಿನ ಸಲ ಕೈಗವಸು ಹಾಕಿಕೊಳ್ಳಿ. ಉಬ್ಬಸ ಇರುವವರು ಪೂರ್ತಿ ಅರಳಿದ ಹೂವಿನ ಸಾಲಿನಲ್ಲಿ ಜಾಸ್ತಿ ಹೊತ್ತು ನಿಲ್ಲದಿರುವುದೇ ಒಳ್ಳೆಯದು.

## ಮನೆಗೆ ತಂದ ಮೇಲೆ

ಬೆಂಗಳೂರು ಸೇರೋದ್ರೊಳಗೆ ಹೂವೆಲ್ಲ ಬಾಡಿಹೋಗಿತ್ತು. ಏನು ತಪ್ಪಾಯ್ತು?

ಹೆಚ್ಚಾಗಿ ಡಿಕ್ಕಿಯಲ್ಲಿ ಇಟ್ಟಿರುತ್ತಾರೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿ ಒಲೆಯೇ. ಬಿಡಿ ಹೂವನ್ನು ಒತ್ತಿ ತುಂಬಬೇಡಿ, ಹೂವೂ ಉಸಿರಾಡುತ್ತದೆ, ರಾಶಿ ಹಾಕಿದರೆ ಮಧ್ಯದಲ್ಲಿ ಬಿಸಿ ಕಟ್ಟುತ್ತದೆ. ಅಗಲ ಬುಟ್ಟಿಯಲ್ಲಿ ಹರವಿ, ಹಿಂಡಿದ ಒದ್ದೆ ಪಂಚೆ ಮೇಲೆ ಮುಚ್ಚಿ, ನಿಮ್ಮ ಜೊತೆಯೇ ಎಸಿ ಇರುವ ಕಡೆ ಇಟ್ಟುಕೊಳ್ಳಿ. ಕಡ್ಡಿ ಹೂವಾದರೆ ಬಕೆಟ್ಟಿನಲ್ಲಿ ನಾಲ್ಕು ಇಂಚು ನೀರು. ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದರೆ ನೆರಳು ನೋಡಿ ನಿಲ್ಲಿಸಿ.

ಫ್ರಿಡ್ಜ್‌ನಲ್ಲಿ ಎಷ್ಟು ದಿನ ಇಡಬಹುದು?

ಚೆಂಡು ಹೂ, ಸೇವಂತಿಗೆ ನಾಲ್ಕೈದು ದಿನ. ಬಿಡಿ ಗುಲಾಬಿ ಎರಡು ಮೂರು ದಿನ. ಮಲ್ಲಿಗೆ ಮೊಗ್ಗು ಸ್ಟೀಲ್ ಡಬ್ಬಿಯಲ್ಲಿ ಎರಡು ದಿನ. ತೊಳೆಯದೆ ಇಡಿ. ಕೆಳಗೆ, ಮೇಲೆ ಪೇಪರ್ ಹಾಕಿ, ನೀರು ಬಿಟ್ಟರೆ ಅದು ಎಳೆದುಕೊಳ್ಳುತ್ತದೆ. ಬಾಳೆ ಎಲೆ ಸುತ್ತಿದರೆ ಇನ್ನೂ ಒಳ್ಳೆಯದು. ಮಾವು, ಬಾಳೆ, ಸೇಬು ಇದ್ದ ಕಡೆ ಹೂ ಇಡಬೇಡಿ. ಹಣ್ಣಾಗುವಾಗ ಅವು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಅದಕ್ಕೆ ಹೂ ಬೇಗ ಉದುರುತ್ತದೆ.

ಹೂದಾನಿಯ ನೀರಿಗೆ ಏನು ಹಾಕಬೇಕು?

ಒಂದು ಲೀಟರಿಗೆ ಒಂದು ಸಣ್ಣ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ. ಅದಕ್ಕಿಂತ ಮುಖ್ಯ, ದಿನವೂ ನೀರು ಬದಲಿಸಿ, ಕಡ್ಡಿಯ ತುದಿಯನ್ನು ಓರೆಯಾಗಿ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬನ್ನಿ. ನೀರಿನಲ್ಲಿ ಮುಳುಗುವ ಎಲೆ ಒಂದನ್ನೂ ಬಿಡಬೇಡಿ. ಜರ್ಬೆರಾಗೆ ಎರಡು ಇಂಚು ನೀರು ಸಾಕು, ಜಾಸ್ತಿಯಾದರೆ ಅದರ ಕಡ್ಡಿ ಕೊಳೆಯುತ್ತದೆ.

ಇಷ್ಟೊಂದು ಬಿಡಿ ಹೂ ತಂದೆ, ಕಟ್ಟೋಕೆ ಬರಲ್ಲ. ಏನ್ಮಾಡ್ಲಿ?

ಚೆಂಡು ಹೂವನ್ನು ಸೂಜಿ ದಾರದಲ್ಲಿ ಪೋಣಿಸಿ, ಅದಕ್ಕೆ ಕಲಿಯುವುದು ಏನೂ ಇಲ್ಲ. ಮಲ್ಲಿಗೆ, ಕನಕಾಂಬರ ಕಟ್ಟುವುದನ್ನು ತೋಟದಲ್ಲೇ ಕಲಿಯಬಹುದು. ಹೂ ಬಿಡಿಸುವ ಅಕ್ಕಂದಿರನ್ನು ಕೇಳಿ. ಒಂದೆರಡು ಮೊಳ ಕಟ್ಟಿ ತೋರಿಸುತ್ತಾರೆ. ದಾರಕ್ಕಿಂತ ಬಾಳೆ ನಾರು ಒಳ್ಳೆಯದು. ಒದ್ದೆ ಮಾಡಿಕೊಂಡರೆ ಮೆತ್ತಗಿರುತ್ತದೆ, ತೊಟ್ಟನ್ನು ಕತ್ತರಿಸುವುದಿಲ್ಲ. ಮಧ್ಯೆ ಮಧ್ಯೆ ಮರುಗವನ್ನೋ ದವನವನ್ನೋ ಇಟ್ಟು ಕಟ್ಟಿ, ಘಮವೇ ಬೇರೆ.

## ಇನ್ನೂ ಸ್ವಲ್ಪ ಆಳಕ್ಕೆ

ರಾತ್ರಿ ಹೊತ್ತು ಸೇವಂತಿಗೆ ತೋಟದಲ್ಲಿ ಅಷ್ಟೊಂದು ಬಲ್ಬ್ ಉರಿಸ್ತಾರಲ್ಲ, ಯಾಕೆ?

ರಾತ್ರಿ ಹೆದ್ದಾರಿಯಲ್ಲಿ ಹೋಗುವವರು ಯಾವುದೋ ಮದುವೆ ಮನೆ ಅಂದುಕೊಳ್ಳುತ್ತಾರೆ. ಸೇವಂತಿಗೆ ಹೂ ಬಿಡಬೇಕಾದರೆ ಉದ್ದನೆಯ, ನಡುವೆ ಬೆಳಕು ಬೀಳದ ಕತ್ತಲು ಬೇಕು. ಅದಕ್ಕೇ ಅದರ ಸಹಜ ಕಾಲ ಚಳಿಗಾಲ, ಆಗ ರಾತ್ರಿ ಉದ್ದ. ರಾತ್ರಿ ಮಧ್ಯೆ ಕೆಲವು ಗಂಟೆ ಬಲ್ಬ್ ಉರಿಸಿದರೆ ಗಿಡಕ್ಕೆ ಕತ್ತಲು ತುಂಡಾಗುತ್ತದೆ. ಅದು ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯುತ್ತಾ ಇರುತ್ತದೆ. ಗಿಡ ಬೇಕಾದಷ್ಟು ಬೆಳೆದ ಮೇಲೆ, ಮುಂದಿನ ಹಬ್ಬ ಯಾವುದು ಅಂತ ಲೆಕ್ಕ ಹಾಕಿ ಬಲ್ಬ್ ಆರಿಸುತ್ತಾರೆ. ಆಮೇಲೆ ಒಟ್ಟಿಗೇ ಮೊಗ್ಗು ಬಂದು ಒಟ್ಟಿಗೇ ಅರಳುತ್ತದೆ. ಬೇಸಿಗೆಯ ಉದ್ದ ಹಗಲಿನಲ್ಲಿ ಹೂ ಬೇಕಾದವರು ಪಾಲಿಹೌಸಿನಲ್ಲಿ ಕಪ್ಪು ಹಾಳೆ ಮುಚ್ಚಿ ಬೇಗ ಕತ್ತಲು ಮಾಡುತ್ತಾರೆ.

ನಿಮ್ಮ ಮನೆಯ ಸೇವಂತಿಗೆ ಕುಂಡ ಹಸಿರಾಗಿ ಬೆಳೆದೂ ಹೂ ಬಿಡುತ್ತಿಲ್ಲವಾ? ಹತ್ತಿರ ಬೀದಿ ದೀಪ ಇದೆಯಾ ನೋಡಿ. ಇದ್ದರೆ ಕುಂಡವನ್ನು ರಾತ್ರಿ ಕತ್ತಲಿರುವ ಕಡೆಗೆ ಇಡಿ.

ತೋಟದಿಂದ ಒಂದು ಕಡ್ಡಿ ತಂದು ಮನೇಲಿ ನೆಟ್ರೆ ಬರುತ್ತಾ?

ಕೇಳಿ ತನ್ನಿ, ಕೊಡುತ್ತಾರೆ. ಸೇವಂತಿಗೆಯ ಎಳೆ ತುದಿ ಅಥವಾ ಬುಡದಲ್ಲಿ ಹೊರಟ ಮರಿ ಸುಲಭವಾಗಿ ಬೇರು ಬಿಡುತ್ತದೆ. ಸುಗಂಧರಾಜಕ್ಕೆ ಗೆಡ್ಡೆ ಬೇಕು. ಡೆಲ್ಲಿ ಕನಕಾಂಬರದಲ್ಲಿ ಬೀಜ ಆಗುವುದಿಲ್ಲ, ಕಡ್ಡಿಯೇ ಗತಿ. ಪಾಲಿಹೌಸಿನ ಗುಲಾಬಿ ಕಸಿ ಗಿಡ, ಅದರ ಕಡ್ಡಿ ಸ್ವಂತ ಬೇರಿನ ಮೇಲೆ ಚೆನ್ನಾಗಿ ಬರುವುದು ಕಷ್ಟ. ಚೆಂಡು ಹೂವಿನ ಬೀಜ ಹಾಕಿದರೆ ಮೊಳೆಯುತ್ತದೆ, ಆದರೆ ತೋಟದ್ದು ಹೈಬ್ರಿಡ್ ಆದರೆ ಅದೇ ಗಾತ್ರದ ಹೂ ಬರುವುದಿಲ್ಲ. ನಾಟಿ ಚೆಂಡು ಹೂ ಸಿಕ್ಕಿದರೆ ಅದನ್ನು ಹಾಕಿ. ಸಸಿ ಒಂದು ತಿಂಗಳಾದಾಗ ತುದಿಯ ಕುಡಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ.

ಬೆಲೆ ಬಿದ್ದಾಗ ಹೂವನ್ನ ರಸ್ತೆಗೆ ಸುರೀತಾರಲ್ಲ. ಆಗ ಬಂದು ಫ್ರೀಯಾಗಿ ಬಿಡಿಸ್ಕೋಬಹುದಾ?

ಬನ್ನಿ, ಆದರೆ ಫ್ರೀಯಾಗಿ ಬೇಡ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೂ ಮಾತ್ರ ಅರಳುತ್ತಲೇ ಇರುತ್ತದೆ. ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಕೈಯಿಂದಲೇ ಕೊಡಬೇಕಾದ ದಿನಗಳೂ ಇರುತ್ತವೆ. 2020ರ ಲಾಕ್‌ಡೌನಿನಲ್ಲಿ ದೇವಸ್ಥಾನ, ಮಾರುಕಟ್ಟೆ ಎರಡೂ ಮುಚ್ಚಿದಾಗ ನಮ್ಮ ರೈತರು ಅರಳಿದ ತೋಟದ ಮೇಲೆ ಟ್ರ್ಯಾಕ್ಟರ್ ಹೊಡೆದರು. ಸರ್ಕಾರ ಹೆಕ್ಟೇರಿಗೆ 25,000 ರೂಪಾಯಿಯಂತೆ, ಒಂದು ಹೆಕ್ಟೇರಿನವರೆಗೆ ಪರಿಹಾರ ಘೋಷಿಸಿತು. ಒಂದು ಬೆಳೆಗೆ ಹಾಕಿದ ಖರ್ಚಿನ ಮುಂದೆ ಅದು ಬಹಳ ಕಡಿಮೆ.

ನೀವೇ ಬಂದು ಬಿಡಿಸಿಕೊಳ್ಳುವ ಪದ್ಧತಿ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ತಿಂಗಳುಗಳಲ್ಲೇ. ಕೂಲಿ ಇಲ್ಲ, ಬಾಡಿಗೆ ಇಲ್ಲ, ನೀವು ಕೊಟ್ಟದ್ದು ನೇರ ರೈತನ ಕೈಗೆ. ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಸೇರಿ ಆಷಾಢದಲ್ಲಿ ಒಮ್ಮೆ ಬಂದರೆ ಹಬ್ಬದ ದಿನ ಹತ್ತು ಜನ ಬಂದದ್ದಕ್ಕಿಂತ ಹೆಚ್ಚು.

ನಮ್ದೂ ಒಂದೆಕರೆ ಹೂ ತೋಟ ಇದೆ. ಜನರನ್ನ ಒಳಗೆ ಬಿಟ್ರೆ ಗಿಟ್ಟುತ್ತಾ?

ಪೂರ್ತಿ ತೋಟ ಬಿಡಬೇಡಿ. ಗೇಟಿನ ಹತ್ತಿರದ ಐದಾರು ಗುಂಟೆ ಮಾತ್ರ ಇದಕ್ಕೆ ಎತ್ತಿಡಿ, ಉಳಿದದ್ದು ಮಂಡಿಗೇ ಇರಲಿ. ಆ ಜಾಗದಲ್ಲಿ ಸಾಲಿನ ನಡುವೆ ಇಬ್ಬರು ಎದುರುಬದುರು ದಾಟುವಷ್ಟು ಅಗಲ ಬಿಡಿ. ಚೆಂಡು ಹೂ, ಆಸ್ಟರ್, ಕೋಳಿ ಜುಟ್ಟು, ಜೀನಿಯಾ ಹಾಕಿ. ಹೊಸಬರ ಕೈಯನ್ನು ಇವು ತಡೆದುಕೊಳ್ಳುತ್ತವೆ. ಮಲ್ಲಿಗೆ, ಕನಕಾಂಬರ ಬೇಡ, ಒಂದು ರೆಂಬೆ ಹೋದರೆ ವರ್ಷದ ನಷ್ಟ. ಚೆಂಡು ಹೂವನ್ನು ಒಂದೇ ಸಲ ನೆಡದೆ ಹದಿನೈದು ಇಪ್ಪತ್ತು ದಿನದ ಅಂತರದಲ್ಲಿ ಮೂರು ಕಂತಿನಲ್ಲಿ ನೆಟ್ಟರೆ ಯಾವ ವಾರ ಜನ ಬಂದರೂ ಹೂ ಇರುತ್ತದೆ.

ಔಷಧಿಯ ವಿಷಯದಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವುದು, ಎಷ್ಟು ದಿನ ಬಿಡಬೇಕು. ಜನ ಬರುವ ಜಾಗಕ್ಕೆ ಬೇವಿನೆಣ್ಣೆ, ಅಂಟು ಹಾಳೆಯಲ್ಲೇ ಸಂಭಾಳಿಸಲು ನೋಡಿ. ಹೆಂಗಸರು, ಮಕ್ಕಳು ಬರುತ್ತಾರೆ, ಶುಚಿಯಾದ ಶೌಚಾಲಯ ಇಲ್ಲದಿದ್ದರೆ ಎರಡನೇ ಸಲ ಬರುವುದಿಲ್ಲ. ಕುಡಿಯುವ ನೀರು, ನೆರಳಿಗೆ ಒಂದು ಚಪ್ಪರ, ಎಲ್ಲರ ಕಣ್ಣಿಗೂ ಕಾಣುವ ತಕ್ಕಡಿ, ಪಕ್ಕದಲ್ಲಿ ಅವತ್ತಿನ ದರ ಬರೆದ ಹಲಗೆ ಇರಲಿ. ಕೃಷಿ ಹೊಂಡಕ್ಕೆ ಬೇಲಿ ಹಾಕಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ಕಟ್ಟಿ. ಇಷ್ಟಾಗುವವರೆಗೆ ಒಬ್ಬರನ್ನೂ ಒಳಗೆ ಕರೆಯಬೇಡಿ.

ಗಿಟ್ಟುತ್ತಾ ಅಂದರೆ, ಮಂಡಿಯಲ್ಲಿ ಒಳ್ಳೆಯ ಬೆಲೆ ಇರುವ ವಾರ ಇದರಿಂದ ಅಂಥ ಲಾಭ ಕಾಣುವುದಿಲ್ಲ. ಬೆಲೆ ನೆಲ ಕಚ್ಚಿದ ವಾರ ಕೂಲಿ, ಡ್ರಿಪ್ ಗೊಬ್ಬರದ ಖರ್ಚಿಗೆ ಆಗುವಷ್ಟು ಇದರಿಂದಲೇ ಬರುತ್ತದೆ. ಮೊದಲ ವರ್ಷ ಪರಿಚಯದವರನ್ನು ಮಾತ್ರ, ವಾರಕ್ಕೆ ಒಂದು ದಿನ ಕರೆದು ನೋಡಿ. ಮನೆಯವರಲ್ಲಿ ಯಾರು ಬಂದವರ ಜೊತೆ ನಿಂತು ಮಾತಾಡುತ್ತಾರೆ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಬೆಳಗ್ಗೆ ಆರಕ್ಕೆ ಕಟಾವಿಗೂ ಅವರೇ ಬೇಕು ಅಂತಾದರೆ ಎರಡೂ ಕೆಡುತ್ತದೆ.